ಗೋದಾವರಿಯ ಗುಂಡಿಗೆ ಮದ್ದು ತೂಗಿದ ತಕ್ಕಡಿಯವರಿಗೆ

ಸೀಡರ್ ಪಾರ್ಕ್, ಟೆಕ್ಸಸ್
27 ಅಕ್ಟೋಬರ್ 2013, ಭಾನುವಾರ

ಶ್ರೀಮಾನ್ ಮದ್ದಿನ ತಕ್ಕಡಿಯವರಿಗೆ,
ಗ್ಯಾರೇಜಿನ ಮೇಜು, ಎಡ ಮೂಲೆ, ಹುಲ್ಲು ಕತ್ತರಿಸುವ ಯಂತ್ರದ ಎದುರು

ಮಾನ್ಯರೇ,

ತಮ್ಮ ಕಡ್ಡಿ ಸಮವಾಗಿಯೂ ತಟ್ಟೆ ಶುಭ್ರವಾಗಿಯೂ ಮುಳ್ಳು ನಿಶ್ಚಲವಾಗಿಯೂ ಇರಲೆಂದು ಹಾರೈಸುತ್ತಾ, ತಮ್ಮಿಂದ ಮೂರೇ ಅಡಿ ದೂರದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುವ ಹಯಗ್ರೀವನೆಂಬ ಅರವತ್ತೊಂದು ವರ್ಷದ ನಿವೃತ್ತ ಚಿಪ್ ಎಂಜಿನಿಯರ್ ಆದ ನಾನು ತಮಗೆ ಅನಂತ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ಇಷ್ಟು ಹತ್ತಿರದಲ್ಲಿ ಕೂತು ಬಾಯಲ್ಲೇ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಎಂಟು ದಿನ ಬಾಯಲ್ಲೇ ಹೇಳಿದೆ, ಬೈದೂ ನೋಡಿದೆ, ತಾವು ಒಂದು ಕೂದಲಿನಷ್ಟೂ ಅಲ್ಲಾಡದ ಕಾರಣ ಲಿಖಿತ ದೂರಿಗೆ ಇಳಿಯಬೇಕಾಯಿತು.

ಮುಂದೆ ಬರೆಯುವುದರಲ್ಲಿ ಅರ್ಧದಷ್ಟು ತಮಗೆ ಗೊತ್ತಿರುವುದೇ. ಆದರೆ ಇದು ಬಹಿರಂಗ ಪತ್ರವಾದ್ದರಿಂದ, ನನ್ನ ಬೆನ್ನ ಹಿಂದೆ ನಗುತ್ತಿರುವ ಕನ್ನಡ ಸಂಘದ ಸಮಸ್ತ ಸದಸ್ಯರಿಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ. ನನ್ನ ಧರ್ಮಪತ್ನಿ ಗೋದಾವರಿ ಧಾರವಾಡದವಳು, ಹಲ್ಲಿನ ಡಾಕ್ಟರು, ಮೂವತ್ತು ವರ್ಷ ಟೆಕ್ಸಸ್ಸಿನವರ ದವಡೆಹಲ್ಲು ಕಿತ್ತವಳು. ಆರು ವರ್ಷದ ಹಿಂದೆ ಹೊಲಿಗೆ ಯಂತ್ರ ಕೊಳ್ಳುತ್ತೇನೆಂದು ಯಾರದೋ ಮನೆಯ ಹಳೆ ಸಾಮಾನಿನ ಮಾರಾಟಕ್ಕೆ ಹೋದವಳು ನೂರು ವರ್ಷ ಹಳೆಯದಾದ, ಅಂಗೈಯಗಲದ, ಮೂವತ್ತೆರಡು ಕ್ಯಾಲಿಬರಿನ ರಿವಾಲ್ವರ್ ಒಂದನ್ನು ಕೊಂಡು ತಂದಳು. ಅದಕ್ಕೆ ನನ್ನ ಸೋದರತ್ತೆ ಚಂದ್ರಮ್ಮನವರ ಹೆಸರಿಟ್ಟಳು, ಸಣ್ಣ ದೇಹ, ನೇರ ಮಾತು ಎಂಬ ಕಾರಣ ಕೊಟ್ಟು. ಕಾಗದದ ಗುರಿಗೆ ಹೊಡೆಯುವ ಹಳೆ ರಿವಾಲ್ವರ್ ಸ್ಪರ್ಧೆಗಳಲ್ಲಿ ಈ ಇಬ್ಬರು ಹೆಂಗಸರೂ ಸೇರಿ ಎಷ್ಟು ಗಂಡಸರ ಟೋಪಿ ತೆಗೆಸಿದ್ದಾರೆಂಬುದಕ್ಕೆ ನಮ್ಮ ಶೋಕೇಸೇ ಸಾಕ್ಷಿ.

ಹೋದ ಚಳಿಗಾಲದಲ್ಲಿ ಕ್ಲಿನಿಕ್ ಎದುರಿನ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಗೋದಾವರಿಯ ಬಲಗೈ ಮಣಿಕಟ್ಟು ಮುರಿಯಿತು, ಒಳಗೆ ಒಂದು ಲೋಹದ ಪಟ್ಟಿ, ಏಳು ಸ್ಕ್ರೂ ಕೂತವು. ಅಂಗಡಿಯ ಗುಂಡು ಒದೆಯುತ್ತದೆ. ಮೇಲಾಗಿ ಈ ವರ್ಷ ಗುಂಡಿನ ಅಂಗಡಿಗಳ ಶೆಲ್ಫುಗಳೆಲ್ಲ ಬರಿದೋ ಬರಿದು, ಚಂದ್ರಮ್ಮನ ಅಳತೆಯದಂತೂ ಕೇಳಲೇಬೇಡಿ. ಆದ್ದರಿಂದ ಮೆಲ್ಲಗೆ ಹಾರುವ, ಕೈಗೆ ಒದೆಯದ ಗುಂಡನ್ನು ಮನೆಯಲ್ಲೇ ತಯಾರಿಸುವುದೆಂದು ತೀರ್ಮಾನವಾಗಿ, ಹಾರಿಸಿದ ಹಿತ್ತಾಳೆ ಕೋಶಗಳನ್ನು ಹುಣಸೆಹಣ್ಣಿನಲ್ಲಿ ದೇವರ ಪಾತ್ರೆಯಂತೆ ತಿಕ್ಕಿ, ಒಣಗಿಸಿ, ಹೊಸ ಕಿಡಿಬಿಲ್ಲೆ ಕೂರಿಸಿ, ಚಿಟಿಕೆ ಮದ್ದು ತೂಗಿ ಸುರಿದು, ಸೀಸದ ಗುಂಡು ಒತ್ತುವ ಹುದ್ದೆಗೆ ನನ್ನ ನೇಮಕವಾಯಿತು. ಮೂವತ್ತಮೂರು ವರ್ಷದ ಸಂಸಾರದಲ್ಲಿ ಒಗ್ಗರಣೆಯ ಸೌಟನ್ನೂ ನನ್ನ ಕೈಗೆ ಕೊಡದ ಗೋದಾವರಿ ನಂಬಿ ಒಪ್ಪಿಸಿದ ಮೊದಲ ಕೆಲಸ ಅದು. ಮಾನ್ಯರೇ, ಆ ಹುದ್ದೆ ಈಗ ಹೋಗುವ ಹಂತದಲ್ಲಿದೆ, ನನಗೆ ಅದು ಬೇಕು, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ತಮ್ಮನ್ನು ನಾನು ಎಷ್ಟು ಗೌರವದಿಂದ ನಡೆಸಿಕೊಂಡೆ ಎಂಬುದನ್ನು ನೆನಪಿಸಲೇಬೇಕಾಗಿದೆ. ಈ ತಿಂಗಳ ಹದಿಮೂರರಂದು ಆಯುಧಪೂಜೆಗೆ ಪಂಚಾಂಗ ನೋಡಿ, ರಾಹುಕಾಲ ತಪ್ಪಿಸಿ, ಮೊದಲು ತಮ್ಮ ಕೆಳಗಿನ ತಿರುಪು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದೆ. ಆಮೇಲೆ ಕಾರು, ಲ್ಯಾಪ್‌ಟಾಪ್, ಹಲ್ಲು ಕೀಳುವ ಇಕ್ಕಳ, ಚಂದ್ರಮ್ಮ, ಎಲ್ಲರಿಗೂ ಮುಂಚೆ ತಮಗೇ ಅರಿಶಿನ ಕುಂಕುಮ ಹಚ್ಚಿ, ಅಕ್ಷತೆ ಹಾಕಿ, ಮಂಗಳಾರತಿ ಎತ್ತಿದೆ. ತಟ್ಟೆಯ ಒಳಭಾಗದಲ್ಲಿ ಕುಂಕುಮ ಉಳಿದರೆ ಮದ್ದಿಗೆ ಬೆರೆಯುತ್ತದೆಂದು ಎಂಜಿನಿಯರ್ ಬುದ್ಧಿ ಓಡಿಸಿ, ಕುಂಕುಮವನ್ನು ನೀರಿನಲ್ಲಿ ಕಲಸಿ, ತಟ್ಟೆಯನ್ನು ಮಗುಚಿಟ್ಟು ಅಡಿಭಾಗಕ್ಕೆ ಹಚ್ಚಿದವನು ನಾನು. ಮಂಗಳಾರತಿಯಾದ ಮೇಲೆ ಶುಭ ಗಳಿಗೆಯಲ್ಲಿ ಕೂರಿಸಿದ ಸೊನ್ನೆಯನ್ನು ಕದಲಿಸುವುದು ಅಪಶಕುನವೆಂದು ತಿರುಪನ್ನು ಮತ್ತೆ ಮುಟ್ಟದೆ, ಮಾರನೆಯ ದಿನ ವಿಜಯದಶಮಿಯಂದು ಸ್ನಾನ ಮಾಡಿ ಅರವತ್ತು ಗುಂಡು ತಯಾರಿಸಿದೆ. ಯಾವ ದೇಶದ ಯಾವ ತಕ್ಕಡಿಗೆ ಇಂಥ ಮರ್ಯಾದೆ ಸಿಕ್ಕಿದೆ ಹೇಳಿ.

ಇಷ್ಟೆಲ್ಲ ಮಾಡಿಸಿಕೊಂಡು ತಾವು ಮಾಡಿದ್ದೇನು? ಹತ್ತೊಂಬತ್ತರ ಶನಿವಾರ, ಡಲ್ಲಾಸಿನ ಫಾರ್ಮರ್ಸ್ ಬ್ರಾಂಚ್ ಆಚೆಯ ಮೈದಾನದಲ್ಲಿ, ಕೈ ಮುರಿದ ಮೇಲಿನ ತನ್ನ ಮೊದಲ ಸ್ಪರ್ಧೆಗೆ ಗೋದಾವರಿ ನಿಂತಳು. ಮೊದಲೆರಡು ಗುಂಡು ಕರಿ ವೃತ್ತದಲ್ಲೇ ಕೂತವು. ಮೂರನೆಯದಕ್ಕೆ ಚಂದ್ರಮ್ಮ ಬಜ್ಜಿಯ ಎಣ್ಣೆಗೆ ಹನಿ ನೀರು ಬಿದ್ದಷ್ಟೂ ಸದ್ದು ಮಾಡದೆ ‘ಪುಸ್’ ಎಂದರು. ಮದ್ದು ಸಾಲದೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿತ್ತು. ಅದರ ಹಿಂದೆಯೇ ಇನ್ನೊಂದು ಹಾರಿಸಿದ್ದರೆ ನಳಿಗೆ ಬಿರಿದು, ಕೈಯೂ ಹೋಗುತ್ತಿತ್ತು, ಕಣ್ಣೂ ಹೋಗುತ್ತಿತ್ತು. ಅವಳು ಬೆರಳು ತೆಗೆದು, ರಿವಾಲ್ವರನ್ನು ಮೇಜಿನ ಮೇಲಿಟ್ಟು, ಎಡಗೈ ಎತ್ತಿ ನಿಂತಳು. ಮೇಲ್ವಿಚಾರಕರು ಕಡ್ಡಿ ತೂರಿಸಿ ಗುಂಡನ್ನು ಹೊರತಳ್ಳಿ, ಅಲ್ಲಿಗೆ ಅವಳ ಸ್ಪರ್ಧೆ ಮುಗಿಯಿತೆಂದು ಬಹಳ ವಿನಯದಿಂದ ಹೇಳಿದರು.

ವಾಪಸ್ಸು ಬರುವಾಗ ಅರ್ಧ ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗ ಗೋದಾವರಿ ಕಿಟಕಿಯ ಆಚೆ ನೋಡುತ್ತಾ ಒಂದೇ ಮಾತು ಹೇಳಿದಳು:

“ಇನ್ನ ಮ್ಯಾಲೆ ಗುಂಡು ವೆಂಕಟಗಿರಿಯವರ ಕಡೆ ಮಾಡಿಸ್ತೀನ್ರಿ.”

ವೆಂಕಟಗಿರಿಯವರು ಹ್ಯೂಸ್ಟನ್ನಿನಲ್ಲಿ ಎಣ್ಣೆ ಕಂಪನಿಗಳೇ ತುಂಬಿದ ಎನರ್ಜಿ ಕಾರಿಡಾರಿನಲ್ಲಿ ಎಣ್ಣೆ ಬಾವಿಗಳ ಒತ್ತಡ ಅಳೆದು ರಿಟೈರ್ ಆಗಿ, ಈಗ ನಮ್ಮೂರಿನಲ್ಲೇ ನೆಲೆಸಿದವರು. ತಾನೇ ಮದ್ದು ತೂಗಿ ತಾನೇ ಸುರಿದು ಟಿಂಗ್ ಎಂದು ಗಂಟೆ ಬಾರಿಸುವ ಕರೆಂಟಿನ ಯಂತ್ರ ಅವರಲ್ಲಿದೆ, ಅದರ ಫೋಟೋವನ್ನು ಮೊಮ್ಮಗುವಿನ ಫೋಟೋದಂತೆ ಎಲ್ಲರಿಗೂ ತೋರಿಸುತ್ತಾರೆ. ಹೋದ ವಾರದ ಸಂಘದ ಊಟದಲ್ಲಿ, ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಾ, ಪಾಪ ಹಯಗ್ರೀವ ಅವರ ಗುಂಡಿಗೆ ಅವರ ಹಾಗೇ ಸಂಕೋಚ ಜಾಸ್ತಿ, ಹೊರಗೆ ಬರೋಲ್ಲ ಎಂದು ನಗಿಸಿದವರೂ ಅವರೇ.

ಆದ್ದರಿಂದ, ಮಾನ್ಯರೇ, ಈ ಕೆಳಗಿನದನ್ನು ತಮ್ಮಿಂದ ನಿರೀಕ್ಷಿಸಿದರೆ ಅತಿಯಾಗದೆಂದು ಭಾವಿಸುತ್ತೇನೆ. ತಾವು ಖುದ್ದಾಗಿ ಸಂಘದ ದೀಪಾವಳಿ ಕಾರ್ಯಕ್ರಮಕ್ಕೆ ಬಂದು, ಭರತನಾಟ್ಯಕ್ಕೂ ವಂದನಾರ್ಪಣೆಗೂ ನಡುವೆ ವೇದಿಕೆ ಹತ್ತಿ, ತಪ್ಪು ತಮ್ಮದೇ ಎಂದು ಮೈಕಿನಲ್ಲಿ ಒಪ್ಪಿಕೊಳ್ಳಬೇಕು. ಅದೇ ಮಾತನ್ನು ಗೋದಾವರಿಯ ಬಳಿ ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕು, ಕಣ್ಣಿಲ್ಲವೆಂಬ ನೆಪ ಬೇಡ. ತಮ್ಮ ಕುಲದಲ್ಲಿ ತರಕಾರಿ, ಚಿನ್ನ, ಹಳೆ ಪೇಪರ್ ತೂಗಿದ ಪೂರ್ವಿಕರು ಯಾರಾದರೂ ಹೀಗೆ ಕೈಕೊಟ್ಟ ಇತಿಹಾಸವಿದ್ದರೆ ಅದರ ವಿವರವನ್ನೂ

ಮಾನ್ಯರೇ, ವಾಕ್ಯ ಅರ್ಧಕ್ಕೆ ನಿಂತದ್ದಕ್ಕೆ ಕ್ಷಮೆ ಇರಲಿ. ಅಷ್ಟರಲ್ಲಿ ಗ್ಯಾರೇಜಿನ ಬಾಗಿಲು ಮೇಲೆದ್ದು, ಟಿಂಗ್ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡ ವೆಂಕಟಗಿರಿಯವರೂ ಅವರ ಹಿಂದೆ ಕಾಫಿ ಹಿಡಿದ ಗೋದಾವರಿಯೂ ಒಳಗೆ ಬಂದರು. ಆ ಯಂತ್ರಕ್ಕೆ ಜಾಗ ಮಾಡಲು ಆ ಮಹಾನುಭಾವರು, ಮಾನ್ಯರೇ, ತಮ್ಮ ತಟ್ಟೆಯನ್ನು ಎತ್ತಿ ಪಕ್ಕಕ್ಕಿಡುವಾಗ ಅಡಿಭಾಗ ನೋಡಿ, ಹೋ ಎಂದು ನಕ್ಕು, ಎಲ್ಲರಿಗೂ ತೋರಿಸಿದರು. ಒಣಗಿದ ಕುಂಕುಮದಲ್ಲಿ ಅಂಟಿಕೊಂಡು, ಅರಿಶಿನ ಹಚ್ಚಿದ ಅಕ್ಕಿಯ ಒಂದು ಕಾಳು ಕೂತಿತ್ತು. ಇಷ್ಟು ದಿನ ತಾವು ಮದ್ದಿನ ಜೊತೆ ನನ್ನ ಭಕ್ತಿಯನ್ನೂ ಪ್ರಾಮಾಣಿಕವಾಗಿ ತೂಗುತ್ತಿದ್ದಿರಿ, ಅಷ್ಟು ಮದ್ದು ಪ್ರತಿ ಗುಂಡಿನಲ್ಲೂ ಕಡಿಮೆ ಬೀಳುತ್ತಿತ್ತು. ನಾನು ಬೈದದ್ದನ್ನೆಲ್ಲ ಈ ಮೂಲಕ ವಾಪಸ್ಸು ಪಡೆದಿದ್ದೇನೆ.

ಅಲ್ಲಿಗೇ ಮುಗಿದಿದ್ದರೆ ನಗುತ್ತಾ ತಲೆ ತಗ್ಗಿಸಿ ಬಿಡುತ್ತಿದ್ದೆ. ಗೋದಾವರಿ ನಗಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತಳು. ತಟ್ಟೆ ತೊಳೆದು ಒರೆಸಿ, ಸೊನ್ನೆಗೆ ತಂದು, ಉಳಿದಿದ್ದ ಗುಂಡುಗಳಲ್ಲಿ ಐದನ್ನು ಹಲ್ಲು ಕೀಳುವಷ್ಟೇ ಸಲೀಸಾಗಿ ಬಿಚ್ಚಿ, ಒಳಗಿನ ಮದ್ದನ್ನು ಒಂದೊಂದಾಗಿ ತಮ್ಮ ಮೇಲಿಟ್ಟು ನೋಡಿದಳು. ಕೊನೆಗೆ ಆ ಅಕ್ಕಿಕಾಳನ್ನೂ ಇಟ್ಟು ನೋಡಿದಳು. ಮದ್ದಿನ ಅಳತೆಗಳ ಪುಸ್ತಕ ತೆಗೆದು, ತಾನು ಪೆನ್ಸಿಲಿನಲ್ಲಿ ಗುರುತು ಹಾಕಿದ್ದ, ಅದರಲ್ಲಿರುವ ಅತಿ ಕಡಿಮೆಯ ಅಳತೆಯ ಮೇಲೆ ಬೆರಳಿಟ್ಟಳು. ಗುಂಡುಗಳ ಮದ್ದು ಅದಕ್ಕಿಂತಲೂ ಕಡಿಮೆಯಿತ್ತು, ಕೊರತೆ ಅಕ್ಕಿಕಾಳಿನ ತೂಕಕ್ಕಿಂತ ಹೆಚ್ಚಿತ್ತು. ಆಮೇಲೆ ನನ್ನ ಕಡೆ ತಿರುಗಿದಳು.

“ಅಕ್ಕಿಕಾಳು ಇಷ್ಟ ತೂಗ್ತದ. ಉಳಿದದ್ದು ಯಾರ ತಗದ್ರಿ?”

ವೆಂಕಟಗಿರಿಯವರು ಕಾಫಿ ಲೋಟ ಅಲ್ಲೇ ಇಟ್ಟು, ಕಾರಿನಲ್ಲಿ ಏನೋ ಮರೆತೆ ಎಂದು ಹೊರಗೆ ಹೋದರು. ಆ ಮನುಷ್ಯನ ಮೇಲೆ ನನಗೆ ಮೊದಲ ಸಲ ಗೌರವ ಬಂತು.

ತೆಗೆದವನು ನಾನು. ತಮಗೆ ಅದು ಮೊದಲ ದಿನದಿಂದ ಗೊತ್ತಿತ್ತು, ತಮ್ಮ ಕಡ್ಡಿಯ ಮೇಲೆ ಜಾರಿ ತೂಕ ನಿಗದಿ ಮಾಡುವ, ಬೊಟ್ಟಿನಷ್ಟಗಲದ ಬಿಲ್ಲೆಯನ್ನು ಒಂದು ಗೀರು ಹಿಂದಕ್ಕೆ ಸರಿಸಿದ್ದು ನನ್ನದೇ ಬೆರಳು. ಅದಕ್ಕಿಂತ ಇಳಿಸಬಾರದೆಂದು ಪುಸ್ತಕ ದಪ್ಪ ಅಕ್ಷರದಲ್ಲಿ ಹೇಳಿತ್ತು, ನಾನು ಓದಿದ್ದೆ. ಪ್ರಾಕ್ಟೀಸ್ ಮುಗಿಸಿ ಬಂದ ಸಂಜೆಗಳಲ್ಲಿ ಗೋದಾವರಿ ಬಲಗೈಯನ್ನು ಸೆರಗಿನ ಒಳಗೆ ಇಟ್ಟುಕೊಂಡು ಎಡಗೈಯಲ್ಲಿ ಚಪಾತಿ ಮುರಿಯುತ್ತಿದ್ದುದನ್ನು ನಾನು ನೋಡಿದ್ದೆ. ಒಂದು ಗೀರು ಕಡಿಮೆಯಾದರೆ ಒದೆತವೂ ಕಡಿಮೆಯಾದೀತು, ಅವಳಿಗೆ ಗೊತ್ತಾಗದು ಎಂದುಕೊಂಡೆ. ಅವಳ ಕೈ ಉಳಿಸಲು ಹೋಗಿ ಕೈಯನ್ನೇ ಕಳೆಯುತ್ತಿದ್ದೆ. ಭಯವಾಗಿತ್ತು ಮಾನ್ಯರೇ, ಹೆಂಡತಿಯ ಕೈ ನೋಡಿದರೆ ನನಗೆ ಭಯವಾಗುತ್ತಿತ್ತು, ಇಷ್ಟೇ ವಿಷಯ.

ಇದನ್ನೆಲ್ಲ ಅವಳಿಗೂ ಹೇಳಿದೆ, ಇಷ್ಟು ಚೆನ್ನಾಗಿ ಅಲ್ಲ. ಕೇಳಿ ಮುಗಿಸಿ, ಈ ಕೈ ಏನು ತಡೀತದ ಏನು ತಡಿಯಂಗಿಲ್ಲ ಅಂತ ಈ ಕೈಯನ್ನ ಬಿಟ್ಟು ತಕ್ಕಡೀನ ಕೇಳಿದ್ರಲ್ಲ ಎಂದಳು. ವೆಂಕಟಗಿರಿಯವರನ್ನು ಒಳಗೆ ಕರೆದು, ಅವರ ಯಂತ್ರವನ್ನು ಅವರ ಕಂಕುಳಿಗೇ ಮರಳಿಸಿ, ಉಪ್ಪಿಟ್ಟು ಕೊಟ್ಟು ಕಳಿಸಿದಳು. ಮದ್ದು ತೂಗುವ ಹುದ್ದೆ ಇನ್ನು ಮುಂದೆ ಅವಳದೇ. ನನಗೆ ಹುಣಸೆಹಣ್ಣಿನ ವಿಭಾಗ ಸಿಕ್ಕಿದೆ.

ಈ ಸಂದರ್ಭದಲ್ಲಿ ಮೇಲಿನ ನನ್ನ ಬೇಡಿಕೆಗಳನ್ನೆಲ್ಲ ಹಿಂತೆಗೆದುಕೊಂಡು, ಒಂದೇ ಒಂದನ್ನು ಅವುಗಳ ಜಾಗದಲ್ಲಿ ಇಡುತ್ತೇನೆ. ನವೆಂಬರಿನ ಹ್ಯೂಸ್ಟನ್ ಸ್ಪರ್ಧೆಗೆ ಅವಳು ತಮ್ಮ ಮುಂದೆ ಕೂತಾಗ, ನನಗೆ ಹೇಳಿದಷ್ಟೇ ಸತ್ಯವನ್ನು ಅವಳಿಗೂ ಹೇಳಿ, ಕೂದಲಿನಷ್ಟೂ ಕರುಣೆ ತೋರಿಸಬೇಡಿ. ತಾವು ಕರುಣೆ ತೋರಿಸುವವರಲ್ಲ ಎಂಬ ಭರವಸೆಯಿಂದ,

ತಮ್ಮ ವಿಶ್ವಾಸಿ, ಪದಚ್ಯುತ,
ಹಯಗ್ರೀವ

ತಾ.ಕ.: ಪತ್ರ ಮುಗಿಸಿ ಒಳಗೆ ಹೋಗಿ, ಹತ್ತು ತಿಂಗಳಲ್ಲಿ ಮೊದಲ ಬಾರಿಗೆ, ಕೈ ನೋಯುತ್ತದೆಯೇ ಎಂದು ಗೋದಾವರಿಯನ್ನು ಕೇಳಿದೆ. “ಭಾಳ ನೋಯ್ತದ್ರಿ,” ಎಂದು ಕೈಯನ್ನು ನನ್ನ ಮಡಿಲಲ್ಲಿದ್ದ ಬಲಗೈಯ ಮೇಲಿಟ್ಟಳು. ಅರ್ಧ ಗಂಟೆಯಾಯಿತು, ಇನ್ನೂ ತೆಗೆದಿಲ್ಲ, ಹಾಗಾಗಿ ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಇದರ ತೂಕ ಎಷ್ಟೆಂದು ತಾವು ಹೇಳಬೇಕಾಗಿಲ್ಲ, ತಮ್ಮನ್ನು ಯಾರೂ ಕೇಳಿಲ್ಲ.