ಬಿರುಕು ಮೊದಲು, ಉಪ್ಪಿಟ್ಟು ಆಮೇಲೆ

ನಮ್ಮ ಸೋದರತ್ತೆಯನ್ನು ಮನೆಯಲ್ಲಿಟ್ಟುಕೊಂಡು ಆ ಮನೆಯನ್ನು ಮಾರಿ ತೋರಿಸುವವರು ಯಾರಾದರೂ ಇದ್ದರೆ ಮುಂದೆ ಬರಲಿ, ಅವರ ಕಾಲಿಗೆ ಸಾಷ್ಟಾಂಗ ಬೀಳುತ್ತೇನೆ! ಚನ್ನಪಟ್ಟಣದಲ್ಲಿ ಮೂಗು ಒಡೆದ ಬೊಂಬೆ ಮಾರಬಹುದು, ಬಿರುಬೇಸಿಗೆಯಲ್ಲಿ ಕಂಬಳಿ ಮಾರಬಹುದು. ಅತ್ತೆ ಹಜಾರದಲ್ಲಿ ಕೂತಿರುವ ಮನೆಯನ್ನು ಮಾತ್ರ ಮಾರುವಂತಿಲ್ಲ.

ಅತ್ತೆ ಅಂದರೆ ನಮ್ಮಪ್ಪನ ತಂಗಿ. ಮದುವೆಯಾಗಲಿಲ್ಲ. ಹುಟ್ಟಿದ್ದು, ಬೆಳೆದದ್ದು, ಹಿತ್ತಿಲಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆದದ್ದು, ತಾಯಿಯಿಲ್ಲದ ನನ್ನನ್ನು ಸಾಕಿದ್ದು ಎಲ್ಲ ಇದೇ ಮನೆಯಲ್ಲಿ. ಚಿಕ್ಕಂದಿನಲ್ಲಿ ಗೂಡು ಬೇಯಿಸುವ ಕುದಿನೀರು ಬಿದ್ದು ಅವಳ ಎಡಗೈ ಸುಟ್ಟಿತ್ತು. ಹೊರಗಿನವರ ಮುಂದೆ ಆ ಕೈಯನ್ನು ಅವಳು ಸೆರಗಿನಿಂದ ಆಚೆ ತೆಗೆಯುವುದಿಲ್ಲ. ಈಗ ಮಂಡಿಗಳೂ ಕೈಕೊಟ್ಟಿವೆ. ನಮ್ಮ ಮನೆಗೋ ಎತ್ತರದ ಮೆಟ್ಟಿಲು, ಬಚ್ಚಲು ಹಿತ್ತಿಲಲ್ಲಿ. ಮಳೆಗಾಲದಲ್ಲಿ ಅವಳು ಬಚ್ಚಲಿಗೆ ಹೊರಟರೆ ನಾನೂ ನನ್ನ ಹೆಂಡತಿಯೂ ಆಚೀಚೆ ಹಿಡಿದುಕೊಂಡು ಉತ್ಸವಮೂರ್ತಿಯ ಹಾಗೆ ಹೊರಡಿಸಬೇಕು. ಒಮ್ಮೆ ಜಾರಿ ಬಿದ್ದದ್ದೂ ಆಯಿತು. ಅದಕ್ಕೇ ರಾಮನಗರದಲ್ಲಿ ಮೆಟ್ಟಿಲಿಲ್ಲದ, ಒಳಗೇ ಬಚ್ಚಲಿರುವ ಪುಟ್ಟ ಮನೆಯೊಂದಕ್ಕೆ ಮುಂಗಡ ಕೊಟ್ಟೆ. ಯುಗಾದಿಯೊಳಗೆ ಈ ಮನೆ ಮಾರಿದರೆ ಅದು ನಮ್ಮದು. ಇಲ್ಲದಿದ್ದರೆ ಅದೂ ಹೋಯಿತು, ಮತ್ತೆ ಇದೇ ಮೆಟ್ಟಿಲು. ಯಾರ ಮಂಡಿಗೋಸ್ಕರ ಮನೆ ಮಾರಬೇಕೋ ಅವರೇ ಮಾರಾಟಕ್ಕೆ ಅಡ್ಡಗಾಲು! ಇಂಥ ಹಣೆಬರಹ ಶತ್ರುವಿಗೂ ಬೇಡ.

ಮನೆ ನೋಡಲು ಜನ ಬರುತ್ತಾರೆ ಎಂದ ಕೂಡಲೇ ಅತ್ತೆ ರವೆ ಹುರಿಯಲು ನಿಂತಳು.

"ನೋಡಕ್ ಬರೋರ್ಗೆ ಉಪ್ಪಿಟ್ಟು, ಕೇಸರಿಬಾತು ಮಾಡ್ದೆ ಇರಕ್ಕಾಯ್ತದಾ?"

"ಅತ್ತೆ, ಅವರು ಬರ್ತಿರೋದು ಹೆಣ್ಣು ನೋಡೋಕಲ್ಲ, ಮನೆ ನೋಡೋಕೆ."

"ಎಲ್ಡೂ ಒಂದೇಯ. ತಿಂದು, ಕೈ ತೊಳ್ಕಂಡು, ಊರ್ಗೋಗಿ ತಿಳಿಸ್ತೀವಿ ಅಂತಾರೆ."

ಅಪಶಕುನ! ಆದರೂ ನಾನು ಧೈರ್ಯಗೆಡಲಿಲ್ಲ. ಮನೆ ಬೇಗ ಮಾರಬೇಕಾದರೆ ಹೇಗೆ ಸಿಂಗರಿಸಬೇಕೆಂದು ಮೊಬೈಲಿನಲ್ಲಿ ಒಬ್ಬ ಮಹಾನುಭಾವ ಹೇಳುತ್ತಿದ್ದ. ಹಗಲಲ್ಲೂ ಎಲ್ಲ ದೀಪ ಹಾಕಿ, ಮಂಚಕ್ಕೆ ಅಚ್ಚಬಿಳಿ ಹೊದಿಕೆ ಹಾಸಿ, ಹಜಾರದ ನಡುವೆ ಗಾಜಿನ ಬಟ್ಟಲಲ್ಲಿ ನಿಂಬೆಹಣ್ಣು ತುಂಬಿಡಿ, ನೋಡಿದವರ ಮನಸ್ಸು ಅರಳುತ್ತದೆ ಅಂತ. ಎಲ್ಲ ಮಾಡಿದೆ. ಅವತ್ತು ಶುಕ್ರವಾರ ಬೇರೆ. ನಿಂಬೆಹಣ್ಣು ಹಾಗೆ ಬೋಳಾಗಿ ಕೂತಿರುವುದು ಅತ್ತೆಗೆ ಸರಿಕಾಣಲಿಲ್ಲ. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿಟ್ಟಿದ್ದಳು!

ಮಾಗಡಿಯಿಂದ ಬಂದ ಯಜಮಾನರು ಹೊಸ್ತಿಲೊಳಗೆ ಒಂದು ಕಾಲಿಟ್ಟು ನೋಡಿದರು. ನಡುವೆ ಕುಂಕುಮ ಮೆತ್ತಿದ ನಿಂಬೆಹಣ್ಣಿನ ರಾಶಿ, ಹಿಂದೆ ಬಿಳಿ ಬಟ್ಟೆ ಹೊದ್ದ ಮಂಚ, ಹಾಡಹಗಲಲ್ಲಿ ಉರಿಯುವ ದೀಪ, ಪಕ್ಕದಲ್ಲಿ ಕೂದಲು ಒಣಗಿಸಿಕೊಳ್ಳುತ್ತಾ ಕೂತ ಅತ್ತೆ. ಇಟ್ಟ ಕಾಲನ್ನು ಹಾಗೇ ಹಿಂದಕ್ಕೆಳೆದುಕೊಂಡರು. "ಒಸಿ ಕಾರ್ ತಿರುಗಿಸ್ಕಂಡ್ ಬತ್ತೀವಿ" ಅಂದರು. ಆ ಕಾರು ಇವತ್ತಿಗೂ ತಿರುಗುತ್ತಲೇ ಇದೆ!

ನಿಂಬೆಹಣ್ಣು ಹೋಗಲಿ ಬಿಡಿ, ಉಪ್ಪಿನಕಾಯಿಯಾದರೂ ಆಯಿತು. ನಿಜವಾದ ರೋಗ ಹಜಾರದ ಗೋಡೆಯ ಬಿರುಕು. ನೆಲದಿಂದ ಹೊರಟು, ಸಾವನದುರ್ಗ ಹತ್ತುವವರ ಹಾಗೆ ಅಲ್ಲಲ್ಲಿ ಸುಧಾರಿಸಿಕೊಂಡು ಸೂರು ಮುಟ್ಟಿದೆ. ಮನೆಗೇನೂ ಅಪಾಯವಿಲ್ಲ ಎಂದು ಇಂಜಿನಿಯರೇ ನೋಡಿ ಹೇಳಿದ್ದಾರೆ. ಆದರೆ ಕೊಳ್ಳಲು ಬಂದವರ ಎದೆ ಒಡೆಯುತ್ತದಲ್ಲ! ಅದರ ಮೇಲೊಂದು ದೊಡ್ಡ ಕ್ಯಾಲೆಂಡರ್ ತೂಗುಹಾಕಿದೆ. ಕನಕಪುರದಿಂದ ಅಣ್ಣತಮ್ಮಂದಿರಿಬ್ಬರು ಬಂದರು. ಅಡುಗೆಮನೆ ಮೆಚ್ಚಿದರು, ಬಾವಿ ಮೆಚ್ಚಿದರು. ಇನ್ನೇನು ಉಪ್ಪಿಟ್ಟಿಗೆ ಕೈಹಾಕಬೇಕು, ಅತ್ತೆ ಎದ್ದು ಹೋಗಿ ಬಲಗೈಯಲ್ಲಿ ಕ್ಯಾಲೆಂಡರ್ ಎತ್ತಿ ಹಿಡಿದಳು.

"ತಿನ್ನಕ್ ಮುಂಚೆ ಇದೊಂದ್ ನೋಡ್ಬುಡಿ. ಆಮ್ಯಾಕೆ ನಾವ್ ಮುಚ್ಚಿಟ್ಟೋ ಅನ್ಬ್ಯಾಡಿ."

ಅವರು ನೋಡಿದರು. ತಟ್ಟೆ ಕೆಳಗಿಟ್ಟರು. ಊರಿಗೆ ಹೋಗಿ ತಿಳಿಸುತ್ತೇವೆ ಅಂದರು.

ನಾನು ಕೂಗಾಡಿಬಿಟ್ಟೆ. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದು ಕ್ಯಾಲೆಂಡರ್ ನೇತುಹಾಕಬಾರದಾ?"

"ಸುಳ್ ಯೋಳ್ದೋರು ಮದ್ವೆ ಆದ್ಮ್ಯಾಕೆ ಆ ಮನೇಲಿ ಬಾಳ್ತಾರೇನ್ಲಾ? ಬಾಳೋಳು ಹೆಣ್ಣು" ಅಂದಳು ಅತ್ತೆ.

ನನಗಂತೂ ತಲೆ ಚಚ್ಚಿಕೊಳ್ಳುವುದೊಂದೇ ಉಳಿದಿತ್ತು. ಯುಗಾದಿ ಹತ್ತಿರ ಬಂತು. ದಲ್ಲಾಳಿ ನನ್ನ ಫೋನ್ ಎತ್ತುವುದನ್ನೇ ಬಿಟ್ಟ. ಅತ್ತೆ ಮೆಟ್ಟಿಲಿಳಿಯುವಾಗ "ಅಯ್ಯಪ್ಪಾ" ಅಂದಾಗಲೆಲ್ಲ ನಾನು ಮತ್ತೆ ಅವನಿಗೇ ಫೋನ್ ಹಚ್ಚುತ್ತಿದ್ದೆ.

ಕೊನೆಗೆ ನಮ್ಮೂರಿನಲ್ಲೇ ಬೊಂಬೆ ಅಂಗಡಿ ಇಟ್ಟಿರುವ ಗಂಡಹೆಂಡತಿ ಮನೆ ನೋಡಲು ಬರುತ್ತೇವೆ ಅಂದರು. ಈ ಸಲ ಕ್ಯಾಲೆಂಡರ್ ಸಾಲದೆಂದು ಕಬ್ಬಿಣದ ಬೀರುವನ್ನೇ ಬಿರುಕಿನ ಮುಂದೆ ತಳ್ಳಿ ನಿಲ್ಲಿಸಿದೆ. ಅತ್ತೆಗೆ ವಿಷಯವೇ ಹೇಳದೆ, ಹೆಂಡತಿಯ ಜೊತೆ ಆಟೋ ಹತ್ತಿಸಿ ಕೆಂಗಲ್ ಆಂಜನೇಯನ ದರ್ಶನಕ್ಕೆ ಸಾಗಹಾಕಿದೆ. ಶನಿವಾರದ ಜನಜಂಗುಳಿ, ಬೇಗ ಬರಲಾರರು ಎಂಬ ಲೆಕ್ಕ. ಉಪ್ಪಿಟ್ಟನ್ನು ನಾನೇ ಕೆದಕಿದೆ. ಗಂಟುಗಂಟಾಯಿತು.

ಆಂಜನೇಯನಿಗೆ ನನ್ನ ಮೇಲೆ ಏನು ಸಿಟ್ಟೋ! ಬಂದವರು ತಟ್ಟೆ ಕೈಗೆ ತೆಗೆದುಕೊಂಡಿದ್ದಾರೆ, ಬಾಗಿಲಲ್ಲಿ ಅತ್ತೆ!

"ಸಾಲು ಬಾಳ ಉದ್ದ ಐತೆ. ಆಚೆಯಿಂದ್ಲೇ ಕೈ ಮುಗ್ದು ಬಂದ್ಬುಟ್ಟೆ" ಅಂದವಳು ಬೀರು ನೋಡಿದಳು. ನನ್ನನ್ನು ನೋಡಿದಳು. "ತಳ್ಳಲಾ ಅದ್ನ."

ತಳ್ಳಿದೆ. ಇನ್ನೇನು ಮಾಡಲಿ? ಬೀರುವಿನ ಜೊತೆಗೆ ರಾಮನಗರದ ಮನೆಯೂ ಸರಿದುಹೋಯಿತು ಅಂದುಕೊಂಡೆ.

ಅತ್ತೆ ಆ ಹೆಂಗಸಿನ ಎದುರು ಕುಳಿತಳು. "ತಪ್ ತಿಳ್ಕಾಬ್ಯಾಡ ಕಣವ್ವ. ಇದೇ ಜಾಗದಲ್ಲಿ ನಂಗೂ ಸೀರೆ ಉಡ್ಸಿ, ಹೂ ಮುಡ್ಸಿ, ಈ ಸುಟ್ಟ ಕೈನ ಸೆರಗಲ್ಲಿ ಮುಚ್ಚಿ ಕೂರ್ಸೋರು. ಬಂದೋರು ಉಪ್ಪಿಟ್ಟು ತಿನ್ನೋರು. ಎಲೆಅಡ್ಕೆ ಕೊಡೋವಾಗ ಎಲ್ಡೂ ಕೈ ನೀಡ್ಬೇಕಲ್ಲ, ಆಗ ಕಾಣೋದು. ಮುಚ್ಚಿಟ್ರಲ್ಲಾ ಅಂತ ಮಕ ಸಿಂಡರಿಸ್ಕಂಡು, ಊರ್ಗೋಗಿ ತಿಳಿಸ್ತೀವಿ ಅಂತ ಎದ್ದೋಗೋರು. ಮೊದ್ಲೇ ತೋರ್ಸಿದ್ರೆ ಯಾರಾನಾ ಒಬ್ರು ಒಪ್ತಿದ್ರೋ ಏನೋ. ಅದ್ಕೇ ಯೋಳ್ತೀನಿ, ಸರ್ಯಾಗ್ ನೋಡ್ಕಳಿ."

ಅವಳ ಮಡಿಲಲ್ಲೇ ಬೆಳೆದವನು ನಾನು. ಈ ಮಾತು ಒಂದು ದಿನವೂ ಅವಳ ಬಾಯಿಂದ ಕೇಳಿರಲಿಲ್ಲ.

ಆ ಹೆಂಗಸು ಬಿರುಕು ನೋಡಿದಳು. ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಿದ.

"ನಮ್ಗೆ ಒಪ್ಗೆ ಕಣಮ್ಮ" ಅಂದಳು.

"ಊರ್ಗೋಗಿ ತಿಳಿಸಲ್ವಾ?" ಅತ್ತೆಗೆ ನಂಬಿಕೆಯೇ ಬರಲಿಲ್ಲ.

"ನಮ್ದೂ ಇದೇ ಊರಲ್ವಾ? ಇನ್ನೆಲ್ಲಿಗ್ ಹೋಗಿ ತಿಳಿಸಾನ?"

ಅತ್ತೆ ಒಳಗೆ ಹೋಗಿ ಎಲೆಅಡಿಕೆಯ ತಟ್ಟೆ ತಂದಳು. ಎರಡು ಕೈಯಲ್ಲೂ ಹಿಡಿದು ತಂದಳು.

ಅವರು ಹೋದ ಮೇಲೆ, ಕುಣಿಯಬೇಕಾದ ನಾನು ಮಂಕಾಗಿ ನಿಂತಿದ್ದೆ. ಅತ್ತೆ ಬಿರುಕಿನ ಗೋಡೆಗೆ ಒರಗಿ, ಮಂಡಿ ಚಾಚಿ ಕುಳಿತಳು.

"ಲೇ, ಆ ಉಪ್ಪಿಟ್ಟು ಮಿಕ್ಕೈತಾ?"

"ಐತೆ. ಗಂಟುಗಂಟು."

"ಇರ್ಲಿ, ಒಸಿ ಹಾಕ್ಕಂಡ್ ಬಾ. ನೋಡಕ್ ಬಂದಾಗ ಮಾಡಿದ್ ಉಪ್ಪಿಟ್ನ ನಾನ್ ಯಾವತ್ತೂ ತಿಂದಿಲ್ಲ ಕಣ್ಲಾ. ಅವ್ರು ಎದ್ದೋದ್ಮ್ಯಾಕೆ ಗಂಟ್ಲಲ್ಲಿ ಇಳೀತಾನೇ ಇರ್ಲಿಲ್ಲ."

ತಟ್ಟೆ ತುಂಬ ತಂದುಕೊಟ್ಟು ಅವಳ ಪಕ್ಕದಲ್ಲೇ ಕುಳಿತೆ. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಒಂದು ತುತ್ತು ಬಾಯಿಗಿಟ್ಟು, "ಉಪ್ಪೇ ಹಾಕಿಲ್ವಲ್ಲೋ ಮುಂಡೇದೆ!" ಎಂದು ಬೈದಳು. ಬೈಯುತ್ತಾ ಬೈಯುತ್ತಾ ಅಷ್ಟನ್ನೂ ತಿಂದು ಮುಗಿಸಿದಳು.