ಬಿಸಿಲಿನ ಬಾಡಿಗೆ

ಪುಕ್ಕಟೆ ಸಿಕ್ಕ ವಸ್ತುವಿಗೆ ಬೆಲೆಯಿಲ್ಲ ಎಂದು ದೊಡ್ಡವರು ಹೇಳುತ್ತಾರೆ. ನನ್ನ ಸ್ವಭಾವ ಇದಕ್ಕೆ ತದ್ವಿರುದ್ಧ. ದುಡ್ಡು ಕೊಟ್ಟು ತಂದ ಸೀರೆಗಿಂತ ಸೀರೆಯ ಜೊತೆ ಅಂಗಡಿಯವರು ಕೊಟ್ಟ ಕೈಚೀಲದ ಮೇಲೆಯೇ ನನಗೆ ಮಮತೆ ಜಾಸ್ತಿ. ಸೀರೆ ಹರಿದು ನೆಲ ಒರೆಸುವ ಬಟ್ಟೆಯಾದರೂ ಚೀಲ ಮಡಿಸಿದಂತೆಯೇ ಬೀರುವಿನಲ್ಲಿರುತ್ತದೆ. ಇಂಥವಳಿಗೆ ನಲವತ್ತು ದಾಟಿದ ಮೇಲೆ, ಬಿಸಿಲು ಕೂಡ ದಿನಾ ಪುಕ್ಕಟೆಯಾಗಿ ನಮ್ಮ ತಾರಸಿಯ ಮೇಲೆ ಬಂದು ಬೀಳುತ್ತಿದೆ ಎನ್ನುವುದು ಹೊಳೆಯಿತು. ಹೊಳೆದ ದಿನದಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ ಎಂದು ನಮ್ಮವರ ದೂರು.

ನಾನು ಪಿರಿಯಾಪಟ್ಟಣದಲ್ಲಿ ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು. ನಮ್ಮವರಿಗೆ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ. ಮನೆಯಲ್ಲಿ ಮೂರನೆಯವರು, ಲೆಕ್ಕ ಹಿಡಿದರೆ ಮೊದಲನೆಯವರು, ನಮ್ಮತ್ತೆ. ಹಾರನಹಳ್ಳಿ ಕಡೆಯವರು. ಊರಿನ ಜಮೀನನ್ನು ನನ್ನ ಮೈದುನನಿಗೆ ವಹಿಸಿ ನಮ್ಮಲ್ಲಿಗೆ ಬಂದಾಗ ಅವರು ಕೇಳಿದ್ದು ಒಂದೇ: "ಬಿಸ್ಲು ಬೀಳೋ ಒಂಚೂರು ಜಾಗ ಇದ್ರೆ ಸಾಕು ಕಣವ್ವ." ನಮ್ಮ ತಾರಸಿಯಲ್ಲಿ ಆ ಜಾಗವನ್ನು ಅವರೇ ಕಂಡುಕೊಂಡರು. ಅವರೆಕಾಳು, ಹುರುಳಿ, ಹುಣಸೆಹಣ್ಣು, ಮಜ್ಜಿಗೆ ಮೆಣಸಿನಕಾಯಿ ಎಲ್ಲವೂ ತಮ್ಮ ತಮ್ಮ ಕಾಲಕ್ಕೆ ಅಲ್ಲಿ ಒಣಗುತ್ತಿದ್ದವು. ಶಿವರಾತ್ರಿ ಕಳೆದರೆ ಸಂಡಿಗೆ.

ಆ ಬಿಸಿಲಿನಿಂದ ಕರೆಂಟು ಹುಟ್ಟಿಸುವ ಸೋಲಾರ್ ಹಾಕಲು ನಾನು ಕರೆಸಿದ ಹುಡುಗರು ಫೋನಿನಲ್ಲಿ ದಿಕ್ಕು ನೋಡಿದರು, ಟೇಪು ಹಿಡಿದರು, ತಮ್ಮತಮ್ಮಲ್ಲೇ ವಾದ ಮಾಡಿದರು. ಕೊನೆಗೆ, ಬೆಳಗಿನಿಂದ ಸಂಜೆಯವರೆಗೆ ನೆರಳೇ ಬೀಳದ ಜಾಗ ಇದೊಂದೇ ಎಂದು ತೋರಿಸಿದರು. ಅಷ್ಟು ಕಷ್ಟಪಡುವ ಬದಲು ಅತ್ತೆಯನ್ನು ಕೇಳಿದ್ದರೆ ಕೂತಲ್ಲಿಂದಲೇ ಹೇಳುತ್ತಿದ್ದರು.

"ಅದು ನಾನು ಸಂಡಿಗೆ ಆಕೋ ಜಾಗ ಕಣವ್ವ" ಎಂದರು ಅತ್ತೆ.

"ಸಂಡಿಗೆ ಎಲ್ಲಿ ಹಾಕಿದರೂ ಒಣಗುತ್ತೆ ಅತ್ತೆ. ಸೋಲಾರ್ ಹಾಗಲ್ಲ, ಅದಕ್ಕೆ ಕೋನ ಸರಿಯಾಗಿರಬೇಕು" ಎಂದು ನಾನು ತರಗತಿಯಲ್ಲಿ ಹೇಳುವ ಗತ್ತಿನಲ್ಲೇ ಹೇಳಿದೆ.

"ಆಯ್ತು ಬುಡು" ಎಂದರು. ಅತ್ತೆಯ 'ಆಯ್ತು ಬುಡು'ವಿಗೆ ಹಲವು ಅರ್ಥಗಳಿವೆ. ಒಪ್ಪಿಗೆ ಎನ್ನುವುದು ಅವುಗಳಲ್ಲಿ ಒಂದಲ್ಲ ಎಂದು ನಮ್ಮವರು ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು.

ಮೊದಲ ಬಿಲ್ಲು ಬಂದಾಗ ಮೀಟರ್ ಓದುವವನೇ ತನ್ನ ಮೆಷಿನ್ನನ್ನು ಕುಟ್ಟಿ ಇನ್ನೊಂದು ಸಲ ನೋಡಿದ. ಇಬ್ಬರು ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದರೆ ಆಗುವಷ್ಟೂ ಇರಲಿಲ್ಲ. ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಬಂದವರಿಗೆಲ್ಲ ತೋರಿಸಿದೆ. ನೋಡಿದವರನ್ನು ಬರಿಗೈಯಲ್ಲಿ ಕಳಿಸಲಾಗುತ್ತದೆಯೇ? ಕಾಫಿ, ಜೊತೆಗೆ ಖಾರಾಬೂಂದಿ. "ನೀನು ಉಳಿಸಿದ್ದೆಲ್ಲ ನೋಡೋಕೆ ಬಂದೋರ ಹೊಟ್ಟೆಗೆ ಹೋಗ್ತಿದೆ ಕಣೆ" ಎಂದು ನಮ್ಮವರು ಗೊಣಗಿದರು. ಅವರಿಗೂ ಅಂಗಡಿಯಲ್ಲಿ ಇದರದೇ ಮಾತು. ಸೌದೆ ಉರಿಸಿ ಹದಮಾಡಿದ ಹೊಗೆಸೊಪ್ಪನ್ನು ಹರಾಜಿಗೆ ತಂದ ರೈತನೊಬ್ಬ, "ಆ ಗಾಜಿನ ಮ್ಯಾಲೆ ಸೊಪ್ಪು ಬೇಯ್ಸಾಕಾಯ್ತದಾ ಅಣ್ಣ? ಸೌದೆ ಉಳೀತಿತ್ತು" ಎಂದು ಕೇಳಿದನಂತೆ.

ಮನೆಯಲ್ಲಿ ನಾನು ಹೊಸ ಕಾನೂನು ತಂದೆ. ಮಿಕ್ಸಿ, ಇಸ್ತ್ರಿ, ಬಟ್ಟೆ ಒಗೆಯುವ ಮೆಷಿನ್ನು, ಎಲ್ಲವೂ ನೆತ್ತಿಯ ಮೇಲೆ ಸೂರ್ಯ ಇರುವಾಗಲೇ ತಿರುಗಬೇಕು. ಹಗಲು ಹೆಚ್ಚಾದ ಕರೆಂಟು ಹೊರಗಿನ ಲೈನಿಗೆ ಹೋಗಿ ನಮ್ಮ ಲೆಕ್ಕಕ್ಕೆ ಜಮಾ ಆಗುತ್ತದೆ, ಯಾವ ಹೊತ್ತಿನಲ್ಲಿ ಬಳಸಿದರೂ ಒಂದೇ ಎಂದು ಸೋಲಾರ್ ಹುಡುಗ ಬಿಡಿಸಿ ಬಿಡಿಸಿ ಹೇಳಿದ್ದ. ವಿಜ್ಞಾನದ ಮೇಷ್ಟ್ರ ತಲೆಗೆ ಹೋಗಲಿಲ್ಲ. ಸೂರ್ಯ ಮುಳುಗಿದ ಮೇಲೆ ಚಟ್ನಿ ರುಬ್ಬಿದರೆ ಯಾರದೋ ಮನೆಯ ಸಕ್ಕರೆ ಕದ್ದಂತೆ ನನಗೆ ಕಸಿವಿಸಿ. ಶಾಲೆಯಲ್ಲಿ ಬಿಡುವಾದಾಗಲೆಲ್ಲ ಫೋನು ತೆಗೆದು, ತಾರಸಿಯಲ್ಲಿ ಈಗೆಷ್ಟು ಕರೆಂಟು ಹುಟ್ಟುತ್ತಿದೆ ಎಂದು ನೋಡುವುದು. ತೊಟ್ಟಿಲಲ್ಲಿ ಮಗು ಬಿಟ್ಟು ಬಂದ ಬಾಣಂತಿಯೂ ಅಷ್ಟು ಚಡಪಡಿಸುವುದಿಲ್ಲ.

ಒಂದು ಅವಮಾನವನ್ನು ಮಾತ್ರ ನುಂಗಬೇಕಾಯಿತು. ಹೊರಗೆ ಕರೆಂಟು ಹೋದರೆ ನಮ್ಮಂಥ ಸೋಲಾರೂ ನಿಂತುಬಿಡುತ್ತದೆ. ಕಂಬ ಹತ್ತಿದ ಲೈನ್‌ಮನ್ನಿಗೆ ನಮ್ಮ ಮನೆಯ ಕರೆಂಟು ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರೆ. ಒಂದು ಮಧ್ಯಾಹ್ನ ಸುಡು ಬಿಸಿಲಲ್ಲಿ ಕರೆಂಟು ಹೋಗಿ, ನಾನು ಬೀಸಣಿಗೆ ಹಿಡಿದು ಕೂತು ಇದನ್ನೆಲ್ಲ ವಿವರಿಸಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, "ಅಲ್ಲ ಕಣವ್ವ, ಮ್ಯಾಲೆ ಅಷ್ಟೊಂದು ಬಿಸ್ಲು, ಕೆಳಗೆ ಫ್ಯಾನು ತಿರುಗಾಕಿಲ್ಲ. ಕರೆಂಟು ಓದ್ರೂ ನನ್ ಸಂಡಿಗೆ ಒಣಗ್ತಿತ್ತು" ಎಂದರು.

ಶಿವರಾತ್ರಿ ಕಳೆಯಿತು. ಒಂದು ದಿನ ಶಾಲೆಯಿಂದ ಬಂದರೆ ಅತ್ತೆ ಮನೆಯಲ್ಲಿಲ್ಲ. ಎದುರುಮನೆಯ ಜಯಮ್ಮನ ತಾರಸಿಯಲ್ಲಿ ಬಿಳಿ ಪಂಚೆ ಹಾಸಿತ್ತು, ಅದರ ತುಂಬ ಸಂಡಿಗೆ. ಪಕ್ಕದಲ್ಲಿ ಅತ್ತೆ ಮತ್ತು ಜಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಯಾವುದಕ್ಕೋ ನಗುತ್ತಿದ್ದರು. ಜಯಮ್ಮ ನನ್ನ ವಯಸ್ಸಿನವಳು. ಗಂಡ ಲಾರಿ ಓಡಿಸುತ್ತಾನೆ, ಒಬ್ಬಳೇ ಮಗಳನ್ನು ಕುಶಾಲನಗರಕ್ಕೆ ಕೊಟ್ಟಿದ್ದಾಳೆ. ಸಂಜೆ ಅತ್ತೆ ಡಬ್ಬಿ ಹಿಡಿದು ಬಂದಾಗ ಸಂಡಿಗೆ ಅರ್ಧಕ್ಕರ್ಧ ಕಡಿಮೆಯಿತ್ತು.

"ಉಳಿದದ್ದು?" ಎಂದೆ.

"ಜಯಮ್ಮಂಗೆ ಕೊಟ್ಟೆ. ಅವಳ ಬಿಸ್ಲಲ್ವಾ? ಬಾಡ್ಗೆ ಬ್ಯಾಡ್ವಾ?"

ಆಮೇಲೆ ಅದೇ ವಾಡಿಕೆಯಾಯಿತು. ಅತ್ತೆ ಬೆಳಗಿನ ಕೆಲಸ ಮುಗಿಸಿ ಮೊರ ಹಿಡಿದು ರಸ್ತೆ ದಾಟಿದರೆ ಬರುವುದು ಹೊತ್ತು ಇಳಿದ ಮೇಲೆ. ಶನಿವಾರ ನನಗೆ ಅರ್ಧ ದಿನ ಶಾಲೆ. ಮೊದಲೆಲ್ಲ ನಾನು ಚಪ್ಪಲಿ ಬಿಡುವ ಸದ್ದಿಗೇ ಅತ್ತೆ ಒಳಗೆ ಮುದ್ದೆ ತಿರುವಲು ಶುರು ಮಾಡುತ್ತಿದ್ದರು. ಉಪ್ಪುಸಾರು ಬಡಿಸುತ್ತ ಬೀದಿಯ ಸುದ್ದಿಯನ್ನೆಲ್ಲ ಒಗ್ಗರಣೆ ಹಾಕಿ ಹೇಳುತ್ತಿದ್ದರು. ಈಗ ಬೀಗ ತೆಗೆದು ಒಳಗೆ ಹೋದರೆ ತಟ್ಟೆ ಮುಚ್ಚಿಟ್ಟ ಅನ್ನ. ಗಾಳಿಗೆ ಜಯಮ್ಮನ ಮನೆಯ ಒಗ್ಗರಣೆಯ ವಾಸನೆ ಬರುತ್ತಿತ್ತು. ಒಗ್ಗರಣೆ ಅತ್ತೆಯದೇ ಎಂದು ಮೂಗಿಗೆ ಗೊತ್ತಾಗುತ್ತಿತ್ತು. ಫೋನಿನಲ್ಲಿ ಕರೆಂಟು ಚೆನ್ನಾಗಿ ಹುಟ್ಟುತ್ತಿತ್ತು. ಮನೆಯಲ್ಲಿ ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಹೀಗಿರುವಾಗ ಒಂದು ದಿನ ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿಲ್ಲ, ಫೋನಿನಲ್ಲಿ ಮಾತ್ರ ಕರೆಂಟಿನ ಗೆರೆ ದಬಕ್ಕನೆ ಕೆಳಗೆ ಬಿದ್ದಿದೆ. ನನಗೆ ತಕ್ಷಣ ಅರ್ಥವಾಯಿತು. ಜಯಮ್ಮ ಎಲ್ಲೋ ಹೋಗಿರಬೇಕು. ಅತ್ತೆ ಸಂಡಿಗೆಯನ್ನು ನನ್ನ ಸೋಲಾರ್ ಮೇಲೆಯೇ ಹರಡಿದ್ದಾರೆ! ತಲೆನೋವು ಎಂದು ಹೇಳಿ ರಜೆ ಪಡೆದು ಆಟೋ ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ದೊಡ್ಡವರಿಗೆ ಮರ್ಯಾದೆ ಕೊಟ್ಟಂತಿರಬೇಕು, ಆದರೆ ಚುರುಕು ಮುಟ್ಟಬೇಕು. ಜೋಡಿಸಿದ್ದನ್ನು ಬಾಯಲ್ಲೇ ಇಟ್ಟುಕೊಂಡು ಮೆಟ್ಟಿಲು ಹತ್ತಿದೆ.

ಅತ್ತೆ ಸ್ಟೂಲಿನ ಮೇಲೆ ನಿಂತಿದ್ದರು. ಕೈಯಲ್ಲಿ ಜೇಡರಬಲೆ ತೆಗೆಯುವ ಕೋಲು. ಸೋಲಾರ್ ಮೇಲೆ ಉದ್ದಕ್ಕೂ ಹರಡಿಕೊಂಡಿದ್ದುದು ನನ್ನದೇ ಸೀರೆ. ಬೆಳಿಗ್ಗೆ ಅವಸರದಲ್ಲಿ ಕ್ಲಿಪ್ಪು ಹಾಕದೆ ಒಣಗಿಹಾಕಿದ್ದೆ, ಗಾಳಿಗೆ ಹಾರಿ ಹೋಗಿ ಹಾಸಿಕೊಂಡಿತ್ತು. ಅತ್ತೆಯ ಮುಖ ಬಿಸಿಲಿಗೆ ಕೆಂಪಗಾಗಿತ್ತು.

"ಬಂದ್ಯಾ? ಆ ತುದಿ ಇಡ್ಕೊ. ಎದುರುಮನೆಯಿಂದ ಕಾಣ್ತು, ಅದ್ಕೇ ಓಡ್ಬಂದೆ. ಕರೆಂಟು ಕಮ್ಮಿ ಆದ್ರೆ ನೀನು ಸ್ಕೂಲಲ್ಲಿ ಕೂತು ಕೊರಗ್ತೀಯಲ್ಲ!"

ಜೋಡಿಸಿಕೊಂಡು ಬಂದಿದ್ದ ಮಾತಿನಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. "ಸ್ಟೂಲ್ ಹತ್ತಬೇಡಿ ಅತ್ತೆ, ಬೀಳ್ತೀರಿ" ಎಂದಷ್ಟೇ ಹೇಳಿ ಸೀರೆಯ ತುದಿ ಹಿಡಿದೆ.

ಮಾರನೆಯ ದಿನವೇ ಸೋಲಾರ್ ಹುಡುಗನನ್ನು ಕರೆಸಿದೆ. ಎರಡು ಫಲಕಗಳನ್ನು ತೆಗೆದು ಮೆಟ್ಟಿಲುಕೋಣೆಯ ನೆತ್ತಿಗೆ ಸಾಗಿಸಬೇಕು ಎಂದೆ. "ಅಲ್ಲಿ ಸಾಯಂಕಾಲ ಪಕ್ಕದ ತೆಂಗಿನಮರದ ನೆರಳು ಬೀಳುತ್ತೆ ಮೇಡಂ, ಯೂನಿಟ್ ಕಮ್ಮಿ ಆಗುತ್ತೆ" ಎಂದ. ಎದೆ ಕಲ್ಲು ಮಾಡಿಕೊಂಡು "ಆಗಲಿ" ಎಂದೆ. ಅವನ ಕೂಲಿ, ಹೊಸ ಕಬ್ಬಿಣ, ವೈರು ಎಲ್ಲ ಸೇರಿ ಅದುವರೆಗಿನ ನನ್ನ ಉಳಿತಾಯ ಬಂದ ದಾರಿಯಲ್ಲೇ ಹೊರಟುಹೋಯಿತು. ನಮ್ಮವರು ಅಂಗಡಿಯಿಂದ ಬೋಲ್ಟು ತಂದುಕೊಟ್ಟರು. ಮೀಸೆಯಡಿಯ ನಗು ಮಾತ್ರ ಅಡಗಲಿಲ್ಲ.

ಖಾಲಿಯಾದ ಜಾಗವನ್ನು ಗುಡಿಸಿ, ತೊಳೆದು, ಅತ್ತೆಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ನಿಂತು ನೋಡಿದರು. ಕಣ್ಣಲ್ಲಿ ನೀರು ಬಂದಂತಿತ್ತು, ಬಿಸಿಲಿಗೂ ಇರಬಹುದು. "ಚೆಂದಾಗದೆ ಕಣವ್ವ" ಎಂದರು. ಮರುದಿನ ಬೆಳಿಗ್ಗೆ ಮೊರ ಹಿಡಿದುಕೊಂಡು ರಸ್ತೆ ದಾಟಿ ಜಯಮ್ಮನ ಮನೆಗೆ ಹೋದರು.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸಂಜೆ ಕೇಳಿಯೇಬಿಟ್ಟೆ.

"ಜಾಗ ಬಿಟ್ಟುಕೊಟ್ಟೆನಲ್ಲ ಅತ್ತೆ, ಮತ್ತೆ ಯಾಕೆ ಅಲ್ಲಿಗೆ?"

ಅತ್ತೆ ದನಿ ತಗ್ಗಿಸಿದರು. "ಮಗಳು ಗಂಡನ್ ಮನೆಗೆ ಓದ್ಮ್ಯಾಕೆ ಜಯಮ್ಮ ಮಧ್ಯಾನ ಒಲೆ ಅಚ್ತಾನೇ ಇರ್ಲಿಲ್ಲ ಕಣವ್ವ. ಎಲ್ಡು ಬಿಸ್ಕತ್ತು ತಿಂದು ಮಲಿಕೊಂಬುಡೋಳು. ನಾನು ಓದ್ರೆ ನನ್ ಸಲುವಾಗಾದ್ರೂ ಮುದ್ದೆ ತಿರುವ್ತಾಳೆ. ಸುಮ್ಸುಮ್ನೆ ಓದ್ರೆ 'ಯಾಕ್ ಬಂದ್ರಿ' ಅಂತಾಳೆ. ಸಂಡಿಗೆ ಅಂದ್ರೆ ಯಾರೂ ಕೇಳಾಕಿಲ್ಲ."

ಬಾಡಿಗೆ ಯಾರು ಯಾರಿಗೆ ಕೊಡುತ್ತಿದ್ದರೋ ನನಗೆ ತಿಳಿದಿರಲೇ ಇಲ್ಲ.

ಅಷ್ಟರಲ್ಲಿ ಬೇಸಿಗೆ ರಜೆ ಬಂತು. ಮನೆಯಲ್ಲೇ ಇರುವ ನನಗೆ ತಾರಸಿಗೆ ಹೋದಾಗಲೆಲ್ಲ ಆ ಖಾಲಿ ಜಾಗ ಕಣ್ಣಿಗೆ ಬೀಳುತ್ತಿತ್ತು. ಕರೆಂಟೂ ಇಲ್ಲ, ಸಂಡಿಗೆಯೂ ಇಲ್ಲ. ಅಷ್ಟು ಒಳ್ಳೆಯ ಬಿಸಿಲು ಬರೀ ಸಿಮೆಂಟನ್ನು ಕಾಯಿಸಿಕೊಂಡು ಪೋಲಾಗುತ್ತಿದೆ! ನನ್ನಂಥವಳು ಎಷ್ಟು ದಿನ ಸಹಿಸಿಯಾಳು? ಒಂದು ಬೆಳಿಗ್ಗೆ ಅಕ್ಕಿಹಿಟ್ಟು ಬೇಯಿಸಿ, ಪಂಚೆ ಹಾಸಿ, ನಾನೇ ಸಂಡಿಗೆ ಹಾಕಲು ಕೂತೆ.

ಎದುರು ತಾರಸಿಯಿಂದ ಕೂಗು ಬಂತು. "ಇಟ್ಟು ಗಟ್ಟಿಯಾಯ್ತು ಕಣವ್ವ! ನೀರ್ ಸೋಕಿಸ್ಕೊ ಕೈಗೆ!"

ಜಯಮ್ಮನೂ ಸೇರಿಕೊಂಡಳು. "ಟೀಚರಮ್ಮ, ಅಷ್ಟು ದಪ್ಪ ಆಕಿದ್ರೆ ಮುಂದ್ಲೊರ್ಷಕ್ಕೇ ಒಣಗೋದು!"

ಈಗ ನಿತ್ಯ ಇದೇ. ಇಬ್ಬರೂ ಅಲ್ಲಿ ಚಪ್ಪರದ ನೆರಳಲ್ಲಿ ಕಾಲು ಚಾಚಿಕೊಂಡು ಕಾಫಿ ಕುಡಿಯುತ್ತಾರೆ. ನಾನು ತಲೆಗೆ ಟವೆಲ್ ಸುತ್ತಿ, ಕೋಲು ಹಿಡಿದು, ಕಾಗೆ ಕಾಯುತ್ತೇನೆ. ಬೆನ್ನ ಹಿಂದೆ ಸೋಲಾರ್ ತನ್ನಷ್ಟಕ್ಕೆ ಕೆಲಸ ಮಾಡುತ್ತಿರುತ್ತದೆ; ಅದನ್ನು ನೋಡಲು ನನಗೆ ಪುರಸೊತ್ತಿಲ್ಲ. ನಿನ್ನೆ ಸ್ವಲ್ಪ ಕಣ್ಣು ಎಳೆಯಿತು ಅಷ್ಟೆ, ಎದುರಿನಿಂದ ಅತ್ತೆಯ ದನಿ ಇಡೀ ಬೀದಿಗೆ ಕೇಳಿಸಿತು:

"ಎದ್ದೇಳವ್ವ, ಕಾಗೆ ಬಂತು! ಸಂಜೆ ಜಯಮ್ಮಂಗೆ ಅರ್ಧ ಕೊಡ್ಬೇಕು, ಗ್ಯಪ್ತಿ ಇರ್ಲಿ!"