ಯಜಮಾನರು ಮಾಡಿ ಮುಗಿಸಿದ್ದರು

ಯಜಮಾನರಿಗೆ ಚೆನ್ನಾಗಿ ಬರುತ್ತಿದ್ದದ್ದು ಒಂದೇ ಕಾಲ, ಭವಿಷ್ಯತ್ ಕಾಲ. ನಲ್ಲಿ ಸೋರುತ್ತಿದೆ ಎಂದರೆ "ನೋಡ್ತೀನಿ", ಬಟ್ಟೆ ಒಣಗಿಹಾಕಿ ಎಂದರೆ "ಹಾಕ್ತೀನಿ", ಅಮ್ಮನ ಕನ್ನಡಕ ರಿಪೇರಿಗೆ ಕೊಡಿ ಎಂದರೆ "ಕೊಡ್ತೀನಿ". ಆಗುವುದಿಲ್ಲ ಎಂದು ಅವರ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ, ಅಷ್ಟು ಒಳ್ಳೆಯ ಮನುಷ್ಯ. ಹೀಗೆ ಭವಿಷ್ಯದಲ್ಲಿ ಹಾಯಾಗಿದ್ದವರನ್ನು ಭೂತಕಾಲಕ್ಕೆ, ಅದೂ ಭೂತಕ್ಕಿಂತ ಹಿಂದಿನ ಭೂತಕ್ಕೆ ತಳ್ಳಿದ್ದು ಅವರ ಬಲ್ಬ್ ಕಾರ್ಖಾನೆಗೆ ಬಂದ ಹೊಸ ಮ್ಯಾನೇಜರು.

ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಯಜಮಾನರದು ದಿನವಿಡೀ ನಿಂತು ಮಾಡುವ ಕೆಲಸ. ಒಂದೊಂದೇ ಬಲ್ಬನ್ನು ರಟ್ಟಿನ ಗೂಡಿಗೆ ಇಳಿಸಿ, ಪೆಟ್ಟಿಗೆಗೆ ಟೇಪು ಸುತ್ತಿ ಕಳಿಸಬೇಕು. ಸಂಜೆಯ ಹೊತ್ತಿಗೆ ಮೊಣಕಾಲು ಕಟಕಟ ಅನ್ನುತ್ತಿತ್ತು. ಈಗ ಉಗ್ರಾಣದ ಮೇಲ್ವಿಚಾರಕರ ಹುದ್ದೆ ಖಾಲಿ ಬಿದ್ದಿತ್ತು. ಆ ಹುದ್ದೆಗೊಂದು ಗಾಜಿನ ಕೋಣೆ, ಕೋಣೆಯೊಳಗೆ ತಿರುಗುವ ಕುರ್ಚಿ. ಯಜಮಾನರು ಊಟದ ಬಿಡುವಿನಲ್ಲಿ ಗಾಜಿನ ಈಚೆ ನಿಂತು ಆ ಕುರ್ಚಿಯ ದರ್ಶನ ಮಾಡಿಕೊಂಡು ಬರುತ್ತಿದ್ದರು. ಆದರೆ ಸಂದರ್ಶನ ಇಂಗ್ಲಿಷಿನಲ್ಲಂತೆ, ಹೊಸ ಮ್ಯಾನೇಜರಿಗೆ ಬೇರೆ ಭಾಷೆ ಬಾರದಂತೆ.

ಯಜಮಾನರು ಹೆದರಲಿಲ್ಲ. ಅವರ ಹೆಂಡತಿ ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಮನೆಯಲ್ಲೇ ಪಾಠ, ಫೀಸಿಲ್ಲ ಎಂದು ಜೊತೆಯವರ ಮುಂದೆ ಕೊಚ್ಚಿಕೊಂಡೂ ಬಂದರು. ಅದು ಅವರು ಮಾಡಿದ ಮೊದಲ ತಪ್ಪು.

ಟೀಚರಮ್ಮ ಹೇಳಿದಳು, "ಎಲ್ಲಾ ಕಲಿಸೋಕೆ ಈಗ ಪುರುಸೊತ್ತಿಲ್ಲ. ಒಂದನ್ನು ಗಟ್ಟಿ ಮಾಡ್ಕೊಳ್ಳಿ. ಮೇಲ್ವಿಚಾರಕ ಅಂದ್ರೆ ಯಾರ್ರೀ? ಮೇಲಿನೋರು ಬಂದು ಕೇಳೋದ್ರೊಳಗೆ ಕೆಲಸ ಆಗಿತ್ತು ಅಂತ ಹೇಳೋನು. ಹಿಂದೆ ಎರಡು ಸಂಗತಿ ನಡೆದಿದ್ರೆ, ಅದರಲ್ಲಿ ಮೊದಲು ನಡೆದಿದ್ದಕ್ಕೆ ಹ್ಯಾಡ್ ಸೇರಿಸಿ. ಪಾಸ್ಟ್ ಪರ್ಫೆಕ್ಟು ಅಂದ್ರೆ ಇಷ್ಟೇ."

ಉದಾಹರಣೆಯನ್ನೂ ಕೊಟ್ಟಳು. "ವೆನ್ ಯೂ ವೋಕ್ ಅಪ್, ಐ ಹ್ಯಾಡ್ ಸ್ವೆಪ್ಟ್ ದ ಹೌಸ್." ನೀವು ಏಳುವಷ್ಟರಲ್ಲಿ ನಾನು ಮನೆ ಗುಡಿಸಿದ್ದೆ. ನೀವು ಸ್ನಾನಕ್ಕೆ ಹೋಗುವಷ್ಟರಲ್ಲಿ ನೀರು ಕಾಯಿಸಿದ್ದೆ. ನೀವು ಅಂಗಿ ಎಲ್ಲಿ ಎಂದು ಕೂಗುವಷ್ಟರಲ್ಲಿ ಇಸ್ತ್ರಿ ಹಾಕಿದ್ದೆ. ಪ್ರತಿ ವಾಕ್ಯದಲ್ಲೂ ಮೊದಲೇ ಮಾಡಿ ಮುಗಿಸಿದ್ದವಳು ಆಕೆ, ಆಮೇಲೆ ಆಕಳಿಸಿಕೊಂಡು ಬಂದವರು ಇವರು. ವ್ಯಾಕರಣದಲ್ಲಿ ಇಷ್ಟೊಂದು ಚುಚ್ಚುಮಾತು ಇರುತ್ತದೆಂದು ಯಜಮಾನರಿಗೆ ಗೊತ್ತಿರಲಿಲ್ಲ. (ಆಕೆಯ ಕೈಯಲ್ಲಿ ವ್ಯಾಕರಣದ ಪುಸ್ತಕವೇ ಇರಲಿಲ್ಲ ಅನ್ನುವುದನ್ನು ಅವರು ಗಮನಿಸಲಿಲ್ಲ.)

ದಿನಾ ಊಟಕ್ಕೆ ಕೂರುವ ಮೊದಲು ಅಂಥ ಐದು ವಾಕ್ಯ ಒಪ್ಪಿಸಬೇಕೆಂದು ಅಪ್ಪಣೆಯಾಯಿತು. ಮೊದಲ ರಾತ್ರಿ ಯಜಮಾನರು ತಾವು ಶಾಲೆಯಲ್ಲಿ ಉರುಹೊಡೆದದ್ದನ್ನು ನೆನಪಿಸಿಕೊಂಡು, ಡಾಕ್ಟರು ಬರುವಷ್ಟರಲ್ಲಿ ರೋಗಿ ಸತ್ತಿದ್ದ ಎಂದು ಠೀವಿಯಿಂದ ಶುರು ಮಾಡಿದರು. ಟೀಚರಮ್ಮ ಕೈ ಅಡ್ಡ ಹಿಡಿದಳು. ಯಾವ ಡಾಕ್ಟರು, ಯಾವ ರೋಗಿ? ಮ್ಯಾನೇಜರು ಕೆಲಸದ ವಿಷಯ ಕೇಳಿದರೆ ಹೋಗಿ ಹೋಗಿ ಹೆಣದ ಸುದ್ದಿ ಹೇಳುತ್ತೀರಾ? ದಿನಬಳಕೆಯ ವಾಕ್ಯ ಬೇಕು, ಸ್ವಂತದ್ದು ಬೇಕು, ನಿಜವಾದದ್ದು ಬೇಕು ಎಂದಳು.

ಎರಡನೆಯ ರಾತ್ರಿ ಯಜಮಾನರು ಸ್ವಂತದ್ದನ್ನೇ ಹೇಳಿದರು. ನೀನು ಶಾಲೆಯಿಂದ ಬರುವಷ್ಟರಲ್ಲಿ ನಾನು ಬಟ್ಟೆ ಮಡಚಿಟ್ಟಿದ್ದೆ. ಆಕೆ ಎದ್ದು ಕೋಣೆಗೆ ಹೋಗಿ ನೋಡಿದಳು. ಮಂಚದ ಮೇಲೆ ಬಟ್ಟೆ ಗುಡ್ಡೆಯಾಗಿ ಬಿದ್ದಿತ್ತು.

"ವ್ಯಾಕರಣ ಸರಿಯಾಗಿದೆ, ವಾಕ್ಯ ಸುಳ್ಳು. ನಮ್ಮ ಕ್ಲಾಸಲ್ಲಿ ಇದಕ್ಕೆ ಸೊನ್ನೆ" ಎಂದಳು.

ಈಗ ಯಜಮಾನರ ಪೀಕಲಾಟ ಕೇಳಬೇಡಿ. ಮನೆಯಲ್ಲಿ ಅವರು ಏನನ್ನಾದರೂ ಮೊದಲೇ ಮಾಡಿ ಮುಗಿಸಿದ್ದರೆ ತಾನೇ ವಾಕ್ಯ ಹುಟ್ಟುವುದು? ತಲೆ ಕೆರೆದುಕೊಂಡರೂ ನಿದ್ದೆ ಬಿಟ್ಟರೆ ಬೇರೆ ಏನನ್ನೂ ಅವರು ಮುಗಿಸಿದ್ದಿಲ್ಲ. ಕುರ್ಚಿ ಕಣ್ಣ ಮುಂದೆ ಗಿರಗಿರ ತಿರುಗಿತು. ಬೇರೆ ದಾರಿ ಕಾಣದೆ ಮರುದಿನ ಎಲ್ಲರಿಗಿಂತ ಮೊದಲು ಎದ್ದು ಪಾತ್ರೆ ತೊಳೆದರು. ಒಂದು ವಾಕ್ಯ ಸಿಕ್ಕಿತು. ಹಾಲು ಉಕ್ಕುವುದರೊಳಗೆ ತರಕಾರಿ ಹೆಚ್ಚಿದರು, ಇನ್ನೊಂದು ಸಿಕ್ಕಿತು. ಆಸೆ ಹತ್ತಿ ನೆಲಕ್ಕೂ ಇಳಿದರು.

ಮಗ ಮಂಡಿಯೂರಿ ನೆಲ ಒರೆಸುವುದನ್ನು ಕಂಡು ಅಮ್ಮ ಬಾಗಿಲಲ್ಲೇ ನಿಂತರು. "ಏನೋ ಇದು?"

"ಇಂಗ್ಲಿಷ್ ಕಲೀತಿದೀನಮ್ಮ."

"ನಿಮ್ಮಪ್ಪನಿಗೂ ಯಾರಾದ್ರೂ ಕಲಿಸಿದ್ರೆ ಚೆನ್ನಾಗಿತ್ತು" ಎಂದು ಹೇಳಿ ಅಮ್ಮ ಒಳಗೆ ಹೋದರು.

ಸಂದರ್ಶನದ ದಿನ ಬರುವಷ್ಟರಲ್ಲಿ ಯಜಮಾನರ ನಾಲಿಗೆಯೂ ಪಳಗಿತ್ತು, ಕೈಯೂ ಪಳಗಿತ್ತು. ಮ್ಯಾನೇಜರು ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ ಎಂದದ್ದೇ ತಡ, ಯಜಮಾನರು ಶುರುವಿಟ್ಟುಕೊಂಡರು. ಸೂರ್ಯ ಹುಟ್ಟುವಷ್ಟರಲ್ಲಿ ನೀರು ತುಂಬಿಸಿದ್ದೆ, ಹೆಂಡತಿ ಏಳುವಷ್ಟರಲ್ಲಿ ಪಾತ್ರೆ ಬೆಳಗಿದ್ದೆ, ಒಲೆ ಹಚ್ಚುವಷ್ಟರಲ್ಲಿ ಸೊಪ್ಪು ಬಿಡಿಸಿದ್ದೆ, ಅಮ್ಮ ಕಾಲಿಡುವಷ್ಟರಲ್ಲಿ ನೆಲ ಒರೆಸಿದ್ದೆ. ಒಂದು ಹ್ಯಾಡ್ ಕೂಡ ಆಚೀಚೆ ಆಗಲಿಲ್ಲ. ಮ್ಯಾನೇಜರು ಕನ್ನಡಕ ತೆಗೆದು ಪಕ್ಕದ ಅಧಿಕಾರಿಯ ಮುಖ ನೋಡಿದರು. ಆಮೇಲೆ ಎದ್ದು ನಿಂತು ಕೈ ಕುಲುಕಿದರು. ಇಂಥ ಮನುಷ್ಯನನ್ನು ಗಾಜಿನ ಕೋಣೆಯಲ್ಲಿ ಕೂರಿಸಿಡುವುದು ಕಾರ್ಖಾನೆಗೇ ನಷ್ಟ ಎಂದರು. ಕ್ಯಾಂಟೀನಿನ ಮೇಲ್ವಿಚಾರಣೆಗೆ ಯಾರೂ ಸಿಗದೆ ತಾವು ಒದ್ದಾಡುತ್ತಿದ್ದದ್ದಾಗಿಯೂ, ಇವತ್ತಿಗೆ ಆ ಚಿಂತೆ ತೀರಿತೆಂದೂ ಹೇಳಿದರು.

ಬೇಡ ಸ್ವಾಮಿ ಎನ್ನಲು ಯಜಮಾನರು ಬಾಯಿ ತೆರೆದರು. ಅದಕ್ಕೆ ಬೇಕಾದ ವಾಕ್ಯವನ್ನು ಟೀಚರಮ್ಮ ಕಲಿಸಿರಲಿಲ್ಲ. ಥ್ಯಾಂಕ್ಯೂ ಎಂದು ಎದ್ದು ಬಂದು, ಕ್ಯಾಂಟೀನಿಗೆ ಹೋಗಿ ಇಣುಕಿದರು. ಅಲ್ಲಿ ಬೆಟ್ಟದಷ್ಟು ಪಾತ್ರೆಗಳಿದ್ದವು. ಕುರ್ಚಿ ಒಂದೂ ಇರಲಿಲ್ಲ.

ರಾತ್ರಿ ಮನೆಯಲ್ಲಿ ಅವರು ಕಿಡಿಕಿಡಿಯಾದರು. "ಎಲ್ಲಾ ನಿನ್ನಿಂದ ಕಣೇ. ನಾಡಿದ್ದಿನಿಂದ ಅಲ್ಲಿ ಪಾತ್ರೆ ಕಾಯಬೇಕು. ಇನ್ನು ಈ ಮನೇಲಿ ಒಂದು ಲೋಟ ಕೂಡ ನಾನು ಮುಟ್ಟೋದಿಲ್ಲ."

ಟೀಚರಮ್ಮನಿಗೆ ನಗು ಬಂದಿತ್ತು, ಆದರೆ ಗಂಡನ ಮುಖ ನೋಡಿ ನಿಜಕ್ಕೂ ಪಾಪ ಅನ್ನಿಸಿತು. ಆ ಕುರ್ಚಿಯ ಆಸೆ ಎಷ್ಟಿತ್ತೆಂದು ಆಕೆಗೆ ಗೊತ್ತಿತ್ತು. ನಾಳೆಯಿಂದ ನೀವು ಏನೂ ಮಾಡಬೇಡಿ, ಪಾಠ ಮುಗಿಯಿತು, ಪಾತ್ರೆ ನಾನೇ ತೊಳೆಯುತ್ತೇನೆ ಎಂದು ಮಾತು ಕೊಟ್ಟಳು. ಯಜಮಾನರು ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ಮಲಗಿದರು.

ಬೆಳಿಗ್ಗೆ ಆಕೆ ಮಾತಿನಂತೆ ಬೇಗ ಎದ್ದು ಅಡುಗೆಮನೆಗೆ ಬಂದಳು. ಯಜಮಾನರು ಕಣ್ಣು ಅರೆಮುಚ್ಚಿಕೊಂಡೇ, ನಿದ್ದೆಯ ಮಂಪರಿನಲ್ಲಿ, ತೊಳೆದ ತಟ್ಟೆಗಳನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದರು. ಅಯ್ಯೋ ಎಂದು ಆಕೆ ಮುಂದೆ ಹೆಜ್ಜೆ ಇಡುವಷ್ಟರಲ್ಲಿ ಹಿಂದಿನಿಂದ ಅತ್ತೆ ಸೆರಗು ಹಿಡಿದೆಳೆದರು.

"ಎಬ್ಬಿಸಬೇಡ ಸುಮ್ನಿರು" ಎಂದು ಪಿಸುಗುಟ್ಟಿದರು, "ತಳ ಹಿಡಿದ ದೊಡ್ಡ ಪಾತ್ರೆ ಇನ್ನೂ ಬಾಕಿ ಇದೆ."